ಬೆಚ್ಚಗಿದ್ದ ಕಾಲು

ಎಪ್ಪತ್ತೆಂಟನೇ ಇಸವಿಯ ಮಾತು. ತಿಪಟೂರಿನ ನನ್ನ ಕೊಬ್ಬರಿ ಮಂಡಿಗೆ ಟ್ರಂಕ್ ಕಾಲ್ ಬಂದಾಗ ಬಿಳಿಗೆರೆಯ ಶಂಭುಲಿಂಗಯ್ಯ ನನ್ನೆದುರೇ ಕೂತಿದ್ದ. ಅವನ ಮಗಳು ಮೀನಾಕ್ಷಿಗೆ ತುರುವೇಕೆರೆಯ ಬೆಟ್ಟಸ್ವಾಮಿ ಎಂಬ ಹುಡುಗ ಗೊತ್ತಾಗಿದ್ದ. ಲಗ್ನಪತ್ರಿಕೆ ಹಂಚಲು ಬಂದಿದ್ದ. ಅವನ ಮನೆಯಲ್ಲಿ ಫೋನಿಲ್ಲ ಎಂದು ಬೀಗರಿಗೆ ನಮ್ಮ ನಂಬರು ಕೊಟ್ಟಿದ್ದ.

ಫೋನ್ ಮಾಡಿದವರು ಹುಡುಗನ ಸೋದರಮಾವ ಪರಮಶಿವಯ್ಯ. ಎದುರು ಸಿಕ್ಕರೆ ಕನ್ನಡದಲ್ಲಿ ಬಾಯಿ ಮುಚ್ಚದ ಮನುಷ್ಯ, ಅವತ್ತು ಬರೀ ಇಂಗ್ಲೀಷು. ನನಗೆ ತಲೆಬುಡ ತಿಳಿಯಲಿಲ್ಲ. ರಿಸೀವರನ್ನು ಗುಮಾಸ್ತ ವೀರಭದ್ರಯ್ಯನ ಕೈಗಿಟ್ಟೆ. ಬಿ.ಎ. ಫೇಲಾದವನು, ಜಂಬದಲ್ಲಿ ಮಾತ್ರ ಪಾಸು. ಎಸ್ ಸಾರ್, ಎಸ್ ಸಾರ್ ಎಂದು ಮುಗಿಸಿ ಮುಖ ಇಳಿಬಿಟ್ಟ.

“ಹುಡುಗುಂಗೆ ಕೋಲ್ಡ್ ಫೀಟ್ ಅಂತೆ. ಕಾಲು ತಣ್ಣಗಾಗವಂತೆ ಕಣಣ್ಣ.”

“ಎರಡೂನಾ?” ಎಂದ ಶಂಭುಲಿಂಗಯ್ಯ.

“ಫೀಟ್ ಅಂದ್ರೆ ಎರಡೂವೆ.”

ನಮ್ಮ ಕಡೆ ಕಾಲು ತಣ್ಣಗಾಯಿತು ಎಂದರೆ ಜೀವ ಹೊರಟಿತು ಎಂದೇ ಲೆಕ್ಕ. ಇಬ್ಬರೂ ಬಿಳಿಗೆರೆಗೆ ಓಡಿದೆವು. ಸುದ್ದಿ ಕೇಳಿದ ಮೀನಾಕ್ಷಿ ಅಳಲಿಲ್ಲ. ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಕಾಯಿಸಿ, ಬಾಟಲಿಗೆ ತುಂಬಿ, ಅಪ್ಪನ ಕೈಗೆ ಕೊಟ್ಟಳು. “ಪಾದಕ್ಕೆ ಚೆನ್ನಾಗಿ ತಿಕ್ಕಪ್ಪ” ಎಂದಳು.

ತುರುವೇಕೆರೆಯಲ್ಲಿ ಬೆಟ್ಟಸ್ವಾಮಿ ಕುರ್ಚಿಯ ಮೇಲೆ ಕೂತು ಪೇಪರ್ ಓದುತ್ತಿದ್ದ. ನಮ್ಮನ್ನು ಕಂಡು ಏಳುವುದರೊಳಗೆ ಶಂಭುಲಿಂಗಯ್ಯ ನೆಲಕ್ಕೆ ಕೂತು, ಅವನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಎಣ್ಣೆ ಸುರಿದೇಬಿಟ್ಟ. ಧಾರೆಯ ಹೊತ್ತಿಗೆ ಅಳಿಯನ ಕಾಲು ತೊಳೆಯಬೇಕಾದವನು, ಎಷ್ಟಾದರೂ ಮಾವ.

“ಬೆಚ್ಚಗವಲ್ಲಪ್ಪಾ” ಎಂದು ನನ್ನ ಕಡೆ ತಿರುಗಿ ನಕ್ಕ. “ಬೆಚ್ಚಗವೆ ಕಣಯ್ಯ, ಮುಟ್ಟಿ ನೋಡು.”

ಹುಡುಗ ಪೇಪರಿನಲ್ಲಿ ಮುಖ ಮುಚ್ಚಿಕೊಂಡ. ಒಳಗಿಂದ ಬಂದ ಪರಮಶಿವಯ್ಯ ಬಾಗಿಲಲ್ಲೇ ನಿಂತುಬಿಟ್ಟರು.

“ಇದೇನ್ರೀ ಮಾಡ್ತಾ ಇದೀರಿ?”

“ಕಾಲು ತಣ್ಣಗಾಗವೆ ಅಂದ್ರಲ್ಲ ಯಜಮಾನ್ರೇ.”

“ಅಯ್ಯೋ ಶಿವನೇ. ಅದು ಇಂಗ್ಲೀಷಿನ ಒಂದು ಮಾತು ಕಣ್ರೀ. ಹುಡುಗ ಹೆದರ್ಕಂಡವ್ನೆ, ಹಿಂದೇಟು ಹಾಕ್ತಾವ್ನೆ ಅಂತ. ಮದುವೆ ಬ್ಯಾಡ ಅಂತಾವ್ನೆ.”

“ಅದ್ನ ಕನ್ನಡದಾಗೆ ಹೇಳಕ್ಕೇನಾಗಿತ್ತು?” ಎಂದು ಕೇಳಿದವನು ನಾನು.

“ಹೆಂಗೆ ಹೇಳಾನ? ನಾಲಿಗೆ ಏಳ್ಲಿಲ್ಲ. ನಾಚಿಕೆ ಆಯ್ತು.”

ಶಂಭುಲಿಂಗಯ್ಯನ ತೊಡೆಯ ಮೇಲೆ ಆ ಕಾಲು ಇನ್ನೂ ಇತ್ತು. ಎಳೆದುಕೊಳ್ಳಲು ಹುಡುಗನಿಗೆ ಮುಖವಿಲ್ಲ, ಬಿಡಲು ಇವನಿಗೆ ತೋಚದು. ಕೊನೆಗೆ ಎರಡು ಕೈಯಲ್ಲೂ ಎತ್ತಿ, ಮಗುವಿನ ಕಾಲಿನಂತೆ ಮೆತ್ತಗೆ ಕೆಳಗಿಟ್ಟ. ಹೆಗಲ ಮೇಲಿನ ಟವಲಿನಿಂದ ನೆಲಕ್ಕೆ ಚೆಲ್ಲಿದ್ದ ಎಣ್ಣೆ ಒರೆಸಿದ. “ಜಾರೀತು, ನೋಡ್ಕಂಡು ಓಡಾಡ್ರಪ್ಪ” ಎಂದು ಎದ್ದ.

ಬಸ್ಸು ಹಿಡಿದು ಬಿಳಿಗೆರೆಗೆ ಹೊರಟೆವು. ಅವನ ಅಂಗೈಯಿಂದ ಕರ್ಪೂರದ ವಾಸನೆ ಬರುತ್ತಲೇ ಇತ್ತು.

ಮೀನಾಕ್ಷಿ ತೋಟದ ಬೇಲಿಯ ತನಕ ಬಂದು ನಿಂತಿದ್ದಳು.

“ಕಾಲು ಹೆಂಗವಪ್ಪ?”

“ಬೆಚ್ಚಗವೆ ಕಣವ್ವ.”

“ಸದ್ಯ, ಬದುಕಿಕೊಂಡ್ರು” ಎಂದು ಅವಳು ಕಣ್ಣೊರೆಸಿಕೊಂಡಳು. ಆಮೇಲೆ ಅಪ್ಪನ ಮುಖ ನೋಡಿ, “ಯಾಕಪ್ಪ ಹಂಗೆ ನಿಂತೆ?” ಎಂದಳು.

ನಾನು ಮರಗಳ ಕಡೆ ತಿರುಗಿಕೊಂಡೆ. ಶಂಭುಲಿಂಗಯ್ಯನಿಗೆ ಇಂಗ್ಲೀಷ್ ಬಾರದು. ಅವನು ಕನ್ನಡದಲ್ಲೇ ಹೇಳಬೇಕಾಯಿತು.