ಕಾರಲ್ಲಿ ಹೋದವನಿಗೆ ಹಾಡು ತಪ್ಪಿತು

ಕನ್ನಡಕದ ಅಂಗಡಿಯವನಿಗೆ ತನ್ನ ಹೊಸ ಕಾರೆಂದರೆ ಪಂಚಪ್ರಾಣ. ಬೀದಿಯ ತುದಿಯಿಂದ ಬ್ರೆಡ್ಡು ತರಲೂ ಕಾರು, ಪಕ್ಕದ ಬಡಾವಣೆಯ ಶಾಲೆಗೆ ಮಗಳನ್ನು ಬಿಡಲೂ ಕಾರು.

"ಬಿಟ್ರೆ ನೀನು ಬಚ್ಚಲಿಗೂ ಕಾರಲ್ಲೇ ಹೋಗ್ತೀಯ ಕಣೋ," ಎಂದು ಅವನ ಅಕ್ಕ ಛೇಡಿಸುತ್ತಿದ್ದಳು. ಅವಳು ಸಿಟಿ ಬಸ್ಸಿನ ಚಾಲಕಿ. ತಮ್ಮ ಕಿವಿಗೆ ಹಾಕಿಕೊಂಡರೆ ತಾನೇ!

ಅಂದು ಶಾಲೆಯಲ್ಲಿ ಮಕ್ಕಳ ಕಾರ್ಯಕ್ರಮ. ಮಗಳದ್ದೇ ಮೊದಲ ಹಾಡು.

"ನಡೆದೇ ಹೋಗೋಣಪ್ಪಾ. ಗೇಟ್ ಹತ್ರ ಕಾರು ನಿಲ್ಸೋಕೆ ಜಾಗವೇ ಇರಲ್ಲ," ಎಂದಳು ಮಗಳು.

"ಬೆವತುಕೊಂಡು ಸ್ಟೇಜ್ ಹತ್ತುತ್ತೀಯಾ? ಕಾರು ಇರೋದು ಯಾಕೆ ಮತ್ತೆ?"

ಎರಡನೇ ತಿರುವಿನಲ್ಲೇ ಕಾರು ನಿಂತಿತು. ಹಿಂದೆ ಮುಂದೆ ಎಲ್ಲಾ ಕಾರುಗಳೇ. ಒಂದೊಂದರಲ್ಲೂ ಒಬ್ಬ ಅಪ್ಪನೋ ಅಮ್ಮನೋ, ಪಕ್ಕದಲ್ಲೊಂದು ಮಗು. ಎಲ್ಲರ ಇಂಜಿನ್ನೂ ಗುರುಗುಡುತ್ತಿತ್ತು. ಹೊಗೆಗೆ ಮಗಳು ಕೆಮ್ಮತೊಡಗಿದಳು.

"ಮೂಗಿಗಿಂತ ಮೂಗುತಿ ಭಾರ ಅನ್ನೋದು ಇದಕ್ಕೇ ರೀ," ಎಂದು ಹಿಂದಿನ ಸೀಟಿನಲ್ಲಿದ್ದ ಹೆಂಡತಿ ಬಾಗಿಲು ತೆರೆದು, ಮಗಳ ಕೈ ಹಿಡಿದು ಇಳಿದೇಬಿಟ್ಟಳು. ಕಾರುಗಳ ಸಂದಿಯಲ್ಲಿ ನುಸುಳಿ ಇಬ್ಬರೂ ಮರೆಯಾದರು. ನಡುರಸ್ತೆಯಲ್ಲಿ ಕಾರು ಬಿಟ್ಟು ಹೋಗುವಂತಿಲ್ಲ. ಅವನು ಸ್ಟೇರಿಂಗ್ ಹಿಡಿದು ಕೂತೇ ಇದ್ದ.

ಕೊನೆಗೂ ಎಲ್ಲೋ ನಿಲ್ಲಿಸಿ, ಏದುಸಿರು ಬಿಡುತ್ತಾ ಓಡಿಬಂದಾಗ ವೇದಿಕೆಯ ಮೇಲೆ ಬೇರೆ ಮಕ್ಕಳ ನಾಟಕ ನಡೆಯುತ್ತಿತ್ತು. ಮಗಳು ಪರದೆಯ ಹಿಂದೆ ಕೂತು ಬಿಸ್ಕತ್ತು ತಿನ್ನುತ್ತಿದ್ದಳು.

"ಪರವಾಗಿಲ್ಲ ಬಿಡಪ್ಪಾ," ಎಂದಳು. ಅವಳು ಅತ್ತಿದ್ದರೂ ಅವನಿಗೆ ಅಷ್ಟು ಚುಚ್ಚುತ್ತಿರಲಿಲ್ಲ.

ಸಂಜೆ ಕೆಲಸ ಮುಗಿಸಿ ಅಕ್ಕ ಬಂದಳು. ಅವನು ಅವಳ ಮುಂದೆ ಗೊಣಗಿದ: "ಎಲ್ರೂ ಕಾರು ತಂದ್ರೆ ಹೀಗೇ ಆಗೋದು."

"ಆ ಎಲ್ರಲ್ಲಿ ನೀನಿಲ್ವೇನೋ?"

"ನನ್ನೊಂದು ಕಾರಿಂದ ರಸ್ತೆ ತುಂಬುತ್ತಾ, ಲೋಕವೇ ಬಿಸಿಯಾಗುತ್ತಾ ಅಕ್ಕಾ?"

"ಅಲ್ಲಿ ಸಿಕ್ಕಿಬಿದ್ದೋರೆಲ್ಲಾ 'ನನ್ನೊಂದು ಕಾರು' ಅಂತಲೇ ಮನೆ ಬಿಟ್ಟೋರು. ಪೆಟ್ರೋಲು ಉರಿದ್ರೆ ಕಾಣೋ ಹೊಗೆ ಮಕ್ಕಳ ಎದೆಗೆ ಹೋಗುತ್ತೆ. ಕಾಣದ ಅನಿಲ ಮೇಲೇರಿ ಭೂಮಿಗೆ ಕಂಬಳಿ ಹೊದಿಸುತ್ತೆ. ಸೆಕೆ ಆಗದೆ ಇನ್ನೇನಾಗುತ್ತೆ? ನನ್ನ ಬಸ್ಸು ತುಂಬಿದ್ರೆ ಒಂದು ಬೀದಿಗಾಗೋಷ್ಟು ಕಾರು ಮನೇಲೇ ಉಳಿಯುತ್ತೆ."

"ಮಳೆ ಬಂದ್ರೆ?"

"ಕೊಡೆ ಇದೆ."

"ನನ್ನ ಮಂಡಿನೋವು?"

"ನಡೀದೇ ಬಂದಿದ್ದು ಅದು!" ಎಂದಳು ಹೆಂಡತಿ ಒಳಗಿನಿಂದ. ಅವನಿಗೂ ನಗು ತಡೆಯಲಿಲ್ಲ.

"ಕಾರು ಮಾರು ಅಂತ ಹೇಳ್ತಿಲ್ಲ," ಅಕ್ಕ ಮೆತ್ತಗಾದಳು. "ಹುಷಾರಿಲ್ಲದೋರಿಗೆ, ರಾತ್ರಿ ಹೊತ್ತಿಗೆ ಬೇಕಾಗುತ್ತೆ. ಹತ್ತಿರಕ್ಕೆ ಕಾಲು, ಸ್ವಲ್ಪ ದೂರಕ್ಕೆ ಸೈಕಲ್ಲು, ಇನ್ನೂ ದೂರ ಅಂದ್ರೆ ನನ್ನ ಬಸ್ಸು ಹತ್ತು."

ಮರುದಿನ ಅವನು ಮುಖ ಗಂಟಿಕ್ಕಿಕೊಂಡೇ ಮಗಳ ಜೊತೆ ನಡೆದ. ಕಾರಲ್ಲಿ ಸುಮ್ಮನೆ ಕೂರುತ್ತಿದ್ದ ಹುಡುಗಿ ದಾರಿಯುದ್ದಕ್ಕೂ ಪಟಪಟ ಮಾತಾಡಿದಳು: ಗೆಳತಿಯ ಜಗಳ, ಕಾಗುಣಿತ ತಪ್ಪಿದ ಟೀಚರು, ಗೋಡೆ ಮೇಲಿನ ಕುಂಟುಬೆಕ್ಕು. ಗೇಟು ಬಂದಾಗ 'ಇಷ್ಟು ಬೇಗನೇ?' ಅನ್ನಿಸಿತು ಅವನಿಗೆ.

ಅವರನ್ನು ನೋಡಿ ಮಹಡಿಮನೆಯ ಕ್ಷೌರಿಕ ತನ್ನ ಅವಳಿ ಮಕ್ಕಳನ್ನೂ ಜೊತೆಗೆ ಕಳಿಸಿದ. ಎದುರುಮನೆಯವರೂ ಸೇರಿಕೊಂಡರು. ದೊಡ್ಡವರು ಸರದಿಯ ಮೇಲೆ ಮಕ್ಕಳ ಹಿಂಡನ್ನು ರಸ್ತೆ ದಾಟಿಸತೊಡಗಿದರು. ಕನ್ನಡಕದವನು ಈಗ ಅಂಗಡಿಗೆ ಸೈಕಲ್ಲಿನಲ್ಲಿ ಹೋಗುತ್ತಾನೆ. ಸರಕು ತರಲು ಅಕ್ಕನ ಬಸ್ಸು. ಶಾಲೆಯ ಬೀದಿಯಲ್ಲಿ ಹಾರ್ನ್ ಸದ್ದು ಇಳಿದಿದೆ, ಹೊಗೆಗೆ ಹೆದರಿ ಮುಚ್ಚಿಡುತ್ತಿದ್ದ ತರಗತಿಯ ಕಿಟಕಿಗಳು ತೆರೆದಿವೆ.

ಈಗ ನಿಮ್ಮ ಸರದಿ. ನಾಳೆ ನೀವು ಹೋಗಬೇಕಾದ ಜಾಗ ನಿಜಕ್ಕೂ ಅಷ್ಟು ದೂರವೇ? ಹತ್ತಿರವಿದ್ದರೆ ಚಪ್ಪಲಿ ಮೆಟ್ಟಿ ಹೊರಡಿ. ಮೂಲೆ ಸೇರಿದ ಸೈಕಲ್ಲಿಗೆ ಗಾಳಿ ಹೊಡೆಸಿ. ದೂರವಿದ್ದರೆ ಬಸ್ಸು ಹತ್ತಿ. ಹನಿಗೂಡಿದರೆ ಹಳ್ಳ, ಹೊಗೆಗೂ ಅದೇ ಮಾತು. ನಿಮ್ಮ ಪಾಲಿನ ಹನಿಯನ್ನು ನೀವು ತಡೆಯಿರಿ. ಹೊರಡುವಾಗ ಪಕ್ಕದ ಮನೆಯವರನ್ನೂ ಕೂಗಿ ಕರೆಯಿರಿ.