ಮೇಷ್ಟ್ರ ಹೆಸರಿನಲ್ಲಿ ಹೋದ ಪತ್ರ

ಅಣ್ಣನ ಮೇಲ್ ಪೆಟ್ಟಿಗೆಯಿಂದ ಆ ಪತ್ರವನ್ನು ಅಳಿಸಿ ಹಾಕಿದವಳು ತಂಗಿಯೇ. ಅಡುಗೆಮನೆಯಲ್ಲಿ ಜಿರಲೆ ಕಂಡರೆ ಹೊಡೆದು ಆಚೆ ಎಸೆಯುವ ಹೆಂಗಸು. ಪಾಸ್‌ವರ್ಡ್ ಕೇಳಿ ಬಂದಿದ್ದ ಮೋಸದ ಪತ್ರಕ್ಕೂ ಅದೇ ಗತಿ ಕಾಣಿಸಿದಳು. ಆಗ ಅಣ್ಣ ಮೇಜನ್ನು ಎರಡು ಸಲ ತಟ್ಟಿ ಅವಳನ್ನು ತನ್ನತ್ತ ತಿರುಗಿಸಿಕೊಂಡ. "ದೂರು ಕೊಡುವಾಗ ಏನು ತೋರಿಸ್ಲಿ?" ಎಂದು ಸನ್ನೆಯಲ್ಲಿ ಕೇಳಿದ.

ಅಣ್ಣನಿಗೆ ಹುಟ್ಟಿನಿಂದಲೇ ಕಿವಿ ಕೇಳಿಸದು. ಕಿವುಡ ಮಕ್ಕಳ ಶಾಲೆಯಲ್ಲಿ ಮೂವತ್ತೊಂದು ವರ್ಷ ಮೇಷ್ಟ್ರಾಗಿದ್ದು ನಿವೃತ್ತನಾದವನು. ಕರೆ ಬಂದರೆ ಫೋನು ಅವನ ಪಾಲಿಗೆ ನಡುಗುವ ಡಬ್ಬಿ, ಅಷ್ಟೇ; ಮಾತುಕತೆಯೆಲ್ಲ ಮೇಲ್‌ನಲ್ಲೇ. ಹಳೆಯ ವಿದ್ಯಾರ್ಥಿಗಳು ಅರವತ್ತೆಂಟು ಮಂದಿ ಅವನಿಗೆ ಮೇಲ್ ಬರೆಯುತ್ತಿದ್ದರು. ಮಗು ಹುಟ್ಟಿತು, ಕೆಲಸ ಸಿಕ್ಕಿತು, ಈ ಅರ್ಜಿಯಲ್ಲಿ ಏನು ತುಂಬಲಿ ಮೇಷ್ಟ್ರೇ. ಹೀಗಿರುವಾಗ ಸಂಜೆಯೊಳಗೆ ಪಾಸ್‌ವರ್ಡ್ ತಿಳಿಸದಿದ್ದರೆ ನಿಮ್ಮ ಮೇಲ್ ಮುಚ್ಚಿಹೋಗುತ್ತದೆ ಎಂಬ ಪತ್ರ ಬಂದಾಗ ಅವನಿಗೆ ಕೈಕಾಲು ಆಡಲಿಲ್ಲ. ತಿಳಿಸಿಬಿಟ್ಟ.

ಮರುದಿನ ನೋಡಿದರೆ ಅವನ ಹೆಸರಿನಲ್ಲಿ ಅರವತ್ತೆಂಟು ಮಂದಿಗೂ ಪತ್ರ ಹೋಗಿತ್ತು. ಹಳೆಯ ವಿದ್ಯಾರ್ಥಿಗಳ ಪಟ್ಟಿ ಮಾಡುತ್ತಿದ್ದೇನೆ, ಗುರುತಿನ ಚೀಟಿಯ ಎರಡೂ ಬದಿಯ ಫೋಟೋ ಕಳಿಸಿ ಎಂದು. ಅಣ್ಣ ಕೂಡಲೇ ಪಾಸ್‌ವರ್ಡ್ ಬದಲಾಯಿಸಿದನೇನೋ ನಿಜ. ಆದರೆ ಉತ್ತರಗಳು ಹೋಗುತ್ತಿದ್ದುದು ಇನ್ಯಾವುದೋ ವಿಳಾಸಕ್ಕೆ. ಯಾರು ಕಳಿಸಿದರು, ಎಷ್ಟು ಮಂದಿ ಸಿಕ್ಕಿಬಿದ್ದರು ಎಂದು ತಿಳಿಯುವ ದಾರಿಯೇ ಇರಲಿಲ್ಲ. ಮೇಷ್ಟ್ರು ಕೇಳಿದರೆ ಯಾರು ತಾನೇ ಇಲ್ಲವೆಂದಾರು? ಅದೇ ಅವನನ್ನು ಕೊರೆಯುತ್ತಿತ್ತು.

ದೂರಿಗೆಂದು ಸಿಕ್ಕಿದ್ದು ಒಂದು ಫೋನ್ ನಂಬರು. ತಂಗಿ ಮಾಡಿದಳು. ಮೋಸಹೋದವರೇ ಮಾತಾಡಬೇಕು ಎಂದಿತು ಆ ಕಡೆಯ ದನಿ.

"ಅವರಿಗೆ ಕಿವಿ ಕೇಳಿಸಲ್ಲಪ್ಪ."

"ಪರವಾಗಿಲ್ಲ ಮೇಡಂ, ಫೋನ್ ಕೊಡಿ. ನಾನೇ ಜೋರಾಗಿ ಮಾತಾಡ್ತೀನಿ."

ಇದನ್ನು ಸನ್ನೆಯಲ್ಲಿ ಹೇಳಿದಾಗ, ಎರಡು ದಿನದಿಂದ ಸಪ್ಪಗಿದ್ದ ಅಣ್ಣನ ಮುಖದಲ್ಲಿ ಸಣ್ಣಗೆ ನಗು ಸುಳಿಯಿತು. ಇಬ್ಬರೂ ಬಸ್ಸು ಹತ್ತಿ ಠಾಣೆಗೇ ಹೋದರು.

ದೂರು ಬರೆದುಕೊಳ್ಳುವ ಮೇಜಿನಲ್ಲಿದ್ದವಳು ಚಿಕ್ಕ ವಯಸ್ಸಿನ ಪೇದೆ. ತಂಗಿ ಎಂದಿನಂತೆ ಅಣ್ಣನ ಪರವಾಗಿ ಒಂದೇ ಉಸಿರಿಗೆ ಶುರುಮಾಡಿದಳು. ಪತ್ರ ಅಳಿಸಿದ್ದನ್ನು ಮಾತ್ರ ಕೊನೆಗೆ ಉಳಿಸಿಕೊಂಡು ಹೇಳಿದಳು. ಪೇದೆ ಎಲ್ಲವನ್ನೂ ಕೇಳಿಸಿಕೊಂಡಳು.

"ಅಳಿಸಿದ್ದು ಎಲ್ಲಿಗೂ ಹೋಗಿರಲ್ಲ ಅಮ್ಮ, ಮೇಲ್‌ನ ಕಸದ ಬುಟ್ಟಿಲಿ ಒಂದು ತಿಂಗಳು ಬಿದ್ದಿರತ್ತೆ. ತೆಗೆದು, ಅದರಲ್ಲಿ ಒಂದಕ್ಷರಾನೂ ಮುಟ್ಟದೆ ನಮಗೆ ಕಳಿಸಿದ್ರಾಯ್ತು. ನೀವು ಸ್ವಲ್ಪ ಆ ಬೆಂಚಲ್ಲಿ ಕೂತ್ಕೊಳ್ಳಿ. ನಾನು ಅವರನ್ನೇ ಕೇಳ್ತೀನಿ."

ಹಾಗೆಂದು ಕಂಪ್ಯೂಟರಿನ ಪರದೆಯನ್ನು ಅಣ್ಣನತ್ತ ತಿರುಗಿಸಿ, ಅಕ್ಷರಗಳನ್ನು ಬೆರಳಗಲ ದೊಡ್ಡದು ಮಾಡಿ, ಮೊದಲ ಪ್ರಶ್ನೆ ಟೈಪ್ ಮಾಡಿದಳು. ಕೀಬೋರ್ಡನ್ನು ಅವನ ಮುಂದಕ್ಕೆ ಸರಿಸಿದಳು. ಅರವತ್ತು ವರ್ಷ ಅಣ್ಣನ ಬಾಯಾಗಿದ್ದ ತಂಗಿಗೆ ಒಂದು ಗಳಿಗೆ ಚುರುಕ್ಕೆಂದಿತು. ಆಮೇಲೆ ಅಣ್ಣನ ಬೆನ್ನು ನೆಟ್ಟಗಾದದ್ದು ಕಾಣಿಸಿ, ಹೋಗಿ ಬೆಂಚಿನಲ್ಲಿ ಕುಳಿತಳು.

ಪೇದೆಯ ಕೊನೆಯ ಪ್ರಶ್ನೆ, ವಿದ್ಯಾರ್ಥಿಗಳಿಗೆ ತಿಳಿಸಿದಿರಾ ಎಂಬುದು. ತಿಳಿಸಿರಲಿಲ್ಲ. ಯಾರೋ ಕಳ್ಳರು ಪೆಟ್ಟಿಗೆ ಒಡೆದರು ಎಂದಷ್ಟೇ ಬರೆ ಎಂದು ತಂಗಿ ಹೇಳಿದ್ದಳು, ಅಣ್ಣ ಒಪ್ಪಿರಲಿಲ್ಲ, ಅದರಲ್ಲೇ ಎರಡು ದಿನ ಕಳೆದಿತ್ತು. ಈಗ ಅವನು ಅಲ್ಲಿಯೇ ಕುಳಿತು ತನ್ನ ಫೋನಿನಲ್ಲಿ ಬರೆದ: ಆ ಪತ್ರ ನನ್ನದಲ್ಲ. ಆದರೆ ಪಾಸ್‌ವರ್ಡ್ ಕೊಟ್ಟವನು ನಾನೇ. ಹೆದರಿ ಕೊಟ್ಟೆ. ನೀವು ಫೋಟೋ ಕಳಿಸಿದ್ದರೆ ತಪ್ಪು ನನ್ನದು. ಪತ್ರ ಅಳಿಸಬೇಡಿ, ಈ ಠಾಣೆಗೆ ಬನ್ನಿ, ನಾನು ಜೊತೆಗಿರುತ್ತೇನೆ.

ತಂಗಿ ಎದ್ದು ಬಂದು ಓದಿ, ಅವನ ಕೈ ಹಿಡಿದಳು. ಇಷ್ಟೆಲ್ಲ ಯಾಕೆ, ಮಕ್ಕಳೆದುರು ಮರ್ಯಾದೆ ಏನಾಗಬೇಕು ಎಂದು ಇನ್ನೊಂದು ಕೈಯಲ್ಲಿ ಸನ್ನೆ ಮಾಡಿದಳು.

ಅಣ್ಣ ಕೈ ಬಿಡಿಸಿಕೊಂಡು ನಿಧಾನವಾಗಿ ಸನ್ನೆ ಮಾಡಿದ. "ಫೋಟೋ ಕಳಿಸಿದವರು ಈಗ ನಾಚಿಕೆಯಿಂದ ಕುಗ್ಗಿರ್ತಾರೆ. ನಾನು ಮುಚ್ಚಿಟ್ರೆ ಅವರೂ ಮುಚ್ಚಿಡ್ತಾರೆ."

ಮರುದಿನ ಬೆಳಿಗ್ಗೆ ಮೊದಲು ಬಂದವಳು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸದ ಹೆಂಗಸು, ಇಪ್ಪತ್ತು ವರ್ಷದ ಹಿಂದಿನ ವಿದ್ಯಾರ್ಥಿನಿ. ತನ್ನ ಚೀಟಿಯ ಜೊತೆ ಗಂಡನದ್ದನ್ನೂ ಕಳಿಸಿದ್ದಳಂತೆ; ಗಂಡನಿಗೆ ಇನ್ನೂ ಹೇಳಿರಲಿಲ್ಲ. ಪೇದೆಯ ಎದುರು ಕುಳಿತರೂ ಅವಳ ಕೈಗಳು ಮಡಿಲು ಬಿಟ್ಟು ಮೇಲೇಳಲಿಲ್ಲ. ಅಣ್ಣ ಪಕ್ಕದಲ್ಲಿ ಕುಳಿತು ತನ್ನ ದೂರಿನ ಪ್ರತಿಯನ್ನು ಬಿಡಿಸಿ ಅವಳ ಮುಂದಿಟ್ಟ. ಮೋಸಹೋದವರ ಹೆಸರು ಎಂಬಲ್ಲಿ ತನ್ನ ಹೆಸರಿನ ಮೇಲೆ ಬೆರಳಿಟ್ಟ.

ಅವಳು ಓದಿದಳು. ಮೇಷ್ಟ್ರ ಮುಖ ನೋಡಿದಳು. ಆಮೇಲೆ ಕೀಬೋರ್ಡಿಗೆ ಕೈ ಚಾಚಿದಳು.

ಬಾಗಿಲ ಬಳಿ ಇನ್ನಿಬ್ಬರು ಒಳಗೆ ಬರಲೋ ಬೇಡವೋ ಎಂದು ನಿಂತಿದ್ದರು. ತಂಗಿ ಬೆಂಚಿನ ತುದಿಗೆ ಸರಿದು, ಬನ್ನಿ ಎಂದು ಸನ್ನೆ ಮಾಡಿದಳು.