ತೌಡಿಗೆ ಮಾರಿದ ಮಗು

ರಾಮಾಯಿ ಹೆತ್ತ ಮೊದಲ ಮೂರು ಮಕ್ಕಳಲ್ಲಿ ಒಂದೂ ವರ್ಷ ತುಂಬುವವರೆಗೆ ಉಳಿಯಲಿಲ್ಲ. ಮಯಿಲ್‌ಸಾಮಿ ಏಳು ತಿಂಗಳಿಗೆ ಹೋದ, ರಾಜಾಮಣಿ ಐದಕ್ಕೆ. ಮೂರನೆಯದಕ್ಕೆ ಹೆಸರಿಡುವ ಧೈರ್ಯವೇ ಯಾರಿಗೂ ಬರಲಿಲ್ಲ. ಕೋಯಮತ್ತೂರಿಗೆ ಕರೆಂಟು ಬಂದು ಮಿಲ್ಲಿನ ಮೇಲೆ ಮಿಲ್ಲು ಏಳುತ್ತಿದ್ದ ಕಾಲವದು. ಕಾರಮಡೈ ಪಕ್ಕದ ಈ ನೇಕಾರರ ಬೀದಿಯಲ್ಲಿ ಮಾತ್ರ ಸಾವಿಗೆ ರಾಮಾಯಿಯ ಮನೆಯ ದಾರಿ ಚೆನ್ನಾಗಿ ರೂಢಿಯಾಗಿಬಿಟ್ಟಿತ್ತು.

ನಾಲ್ಕನೆಯದು ಹೆಣ್ಣು. ಹನ್ನೊಂದನೇ ದಿನ ಬೀದಿಯ ಹಿರಿಯರು ಬಂದು, ಮಗುವನ್ನು ಬೇರೆಯವರಿಗೆ ತೌಡಿಗೆ ಮಾರಿಬಿಡಿ ಎಂದರು. ಅದು ಈ ಮನೆಯದಲ್ಲವೆಂದು ಸಾವು ನಂಬಬೇಕು. ವರ್ಷ ತುಂಬಿದ ದಿನ ತೌಡು ಹಿಂದಿರುಗಿಸಿ ಮಗುವನ್ನು ಕೊಂಡುಕೊಳ್ಳಬಹುದು. ಅಲ್ಲಿಯವರೆಗೆ ಹೆತ್ತವಳು ಹಾಲು ಕೊಡಬಹುದು, ಮಗಳೇ ಎಂದು ಕರೆಯುವಂತಿಲ್ಲ. ಹೇಳುವವರಿಗೇನು, ಹೆತ್ತ ಹೊಟ್ಟೆ ಅವರದಲ್ಲವಲ್ಲ.

ಎದುರುಮನೆಯ ಪಳನಿಯಮ್ಮನಿಗೆ ಗಂಡನಿಲ್ಲ, ಮಕ್ಕಳಿಲ್ಲ. ಒಂದು ಮೊರ ತೌಡು ತಂದು ಸುರಿದು ಮಗುವನ್ನು ಎತ್ತಿಕೊಂಡು ಹೋದಳು, ತೌಡಮ್ಮ ಎಂದು ಹೆಸರಿಟ್ಟಳು. ರಾಮಾಯಿ ದಿನಕ್ಕೆ ಆರೇಳು ಸಲ ಬೀದಿ ದಾಟಿ ಹೋಗಿ, ಕೂಲಿಯವಳ ಹಾಗೆ ಹಾಲೂಡಿಸಿ ಬರುತ್ತಿದ್ದಳು. ಗಂಡ ಲಿಂಗಪ್ಪನ್ ಮಗ್ಗದ ಗುಂಡಿಯಲ್ಲಿ ಕೂತಲ್ಲಿಂದಲೇ ಮಗು ನಕ್ಕಿತೇ, ಹಲ್ಲು ಬಂತೇ ಎಂದು ಕೇಳುವನು. ಪಳನಿಯಮ್ಮನ ಮಗು ಚೆನ್ನಾಗಿದೆ ಎನ್ನುವಳು. ಅಷ್ಟು ಹೇಳುವಾಗ ಮಗಳು ಎಂಬ ಮಾತನ್ನು ಅವಳು ನುಂಗಿಕೊಳ್ಳುತ್ತಿದ್ದದ್ದು ಆ ಮಹಾರಾಯನಿಗೆ ತಿಳಿಯುತ್ತಿರಲಿಲ್ಲ.

ಹತ್ತನೇ ತಿಂಗಳು. ಒಂದು ಮಧ್ಯಾಹ್ನ ಪಳನಿಯಮ್ಮ ನೀರಿಗೆ ಹೋಗಿದ್ದಳು. ಹಾಲು ಕುಡಿಯುತ್ತಿದ್ದ ಮಗು ಬಾಯಿ ತೆಗೆದು, ರಾಮಾಯಿಯ ಮುಖ ನೋಡಿ ಅಮ್ಮ ಎಂದಿತು. ಅವಳಿಗೆ ತಡೆಯಲಾಗಲಿಲ್ಲ.

"ನನ್ ಕಣ್ಣೂ, ನನ್ ಮಗಳೇ" ಅಂದುಬಿಟ್ಟಳು.

ಮೆಲ್ಲಗೆ ಅಂದದ್ದು. ಆದರೂ ಬೆನ್ನ ಹಿಂದೆ ಯಾರೋ ಬಂದು ನಿಂತಂತಾಯಿತು. ತಿರುಗಿ ನೋಡಿದರೆ ಯಾರೂ ಇರಲಿಲ್ಲ.

ಸಂಜೆಗೆ ಮಗುವಿನ ಮೈ ಕಾದ ಹೆಂಚಾಯಿತು. ಮೊದಲಿನ ಮೂವರೂ ಹೋದದ್ದು ಇಂಥ ಜ್ವರದಲ್ಲೇ. ಪಳನಿಯಮ್ಮ ಮೂರು ದಿನ ಅದನ್ನು ಮಡಿಲಿಂದ ಇಳಿಸಲಿಲ್ಲ. ರಾಮಾಯಿ ಒಳಗೆ ಕಾಲಿಡಲು ಹೆದರಿ, ಹಾಲು ಹಿಂಡಿ ಲೋಟದಲ್ಲಿ ತಂದು ಹೊರಗಿನಿಂದಲೇ ಕೊಟ್ಟಳು. ನಾಲ್ಕನೇ ದಿನ ಜ್ವರ ಬಿಟ್ಟಿತು. ತಾನು ಮಗಳೇ ಎಂದು ಕರೆದ ವಿಷಯ ಅವಳು ಗಂಡನಿಗೂ ಹೇಳಲಿಲ್ಲ. ಹೇಳಿದರೆ ಇನ್ನೊಮ್ಮೆ ಕರೆದ ಹಾಗಾಗುತ್ತದೆ ಎಂದು ಭಯ.

ವರ್ಷ ತುಂಬಿದ ದಿನ ಲಿಂಗಪ್ಪನ್ ಮೊರದ ತುಂಬ ತೌಡು ತಂದಿಟ್ಟ. ಪಳನಿಯಮ್ಮನಿಗೆಂದು ತಾನೇ ನೇಯ್ದ ಸೀರೆಯನ್ನೂ ಇಟ್ಟ. ಬೀದಿಯವರೆಲ್ಲ ಸೇರಿದರು. ಪಳನಿಯಮ್ಮ ಮಗುವಿಗೆ ತಲೆ ಬಾಚಿ ಬೊಟ್ಟಿಟ್ಟು ಎತ್ತಿಕೊಂಡು ಬಂದಳು. ರಾತ್ರಿಯೆಲ್ಲ ಅತ್ತ ಅವಳ ಕಣ್ಣು ಕೆಂಪಾಗಿತ್ತು.

"ತಗೋ ರಾಮಾಯಿ. ಒಂದ್ ವರ್ಷ ನಂಗೂ ಮಗಳಿದ್ಲು, ಅಷ್ಟು ಪೋದುಂ, ಅಷ್ಟೇ ಸಾಕು" ಎಂದಳು.

ಮಗು ಎರಡೂ ಕೈ ಚಾಚಿತು. ರಾಮಾಯಿ ಮೊರವನ್ನೆತ್ತಿ, ತೌಡನ್ನೆಲ್ಲ ಎಮ್ಮೆಯ ಕಲಗಚ್ಚಿನ ಬಾನಿಗೆ ಸುರಿದಳು. ಲಿಂಗಪ್ಪನ್ ಅವಳ ರಟ್ಟೆ ಹಿಡಿದ. ಹುಚ್ಚು ಹಿಡಿಯಿತೇ ನಿನಗೆ ಎಂದ. ಅವಳು ಕೊಸರಿಕೊಂಡು, ಬೀದಿಗೆಲ್ಲ ಕೇಳುವಂತೆ, ಅಂದು ಬೆನ್ನ ಹಿಂದೆ ಬಂದು ನಿಂತಿದ್ದ, ಕೇಳಿಸಿಕೊಳ್ಳಲೇಬೇಕಾದ ಆ ಒಬ್ಬನಿಗೂ ಕೇಳುವಂತೆ ಹೇಳಿದಳು.

"ನಂಗೆ ಮಗಳಿಲ್ಲ ಅಕ್ಕಾ. ಹೆತ್ತದ್ದು ಮೂರೇ. ಮೂರೂ ಹೋದ್ವು."

ಮಗು ಅಮ್ಮ ಅಮ್ಮ ಎಂದು ಅಳತೊಡಗಿತು. ಅದರ ಕಡೆ ನೋಡದೆ ರಾಮಾಯಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.